ಒಂದು ತಾಸಿನ ಹೊಸ್ತಿಲು

ಹಾಲು ಉಕ್ಕಲೊಲ್ಲದು.

ಚಿರಂಜೀವಿ ನೆಲಕ್ಕೆ ಮೊಣಕಾಲೂರಿ, ಮೊಬೈಲನ್ನು ಪಾತ್ರೆಯ ಮುಂದೆ ಹಿಡಿದು, ಉಸಿರು ಬಿಗಿಹಿಡಿದು ಕೂತಿದ್ದ. ಬಾಗಿಲಿರಬೇಕಾದ ಜಾಗದಿಂದ ಗಾಳಿ ಒಳಗೆ ನುಗ್ಗಿ ಪುಟ್ಟ ಗ್ಯಾಸ್ ಒಲೆಯ ಉರಿಯನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಮಲಗಿಸುತ್ತಿತ್ತು. ಪ್ಯಾಕೆಟ್ ಹಾಲು ಅಂಚಿನ ತನಕ ಬಂದು, ಮನಸ್ಸು ಬದಲಾಯಿಸಿದಂತೆ ಕೆಳಗಿಳಿಯಿತು. ಮತ್ತೆ ಬಂತು, ಮತ್ತೆ ಇಳಿಯಿತು. ಆಮೇಲೆ ನೀರು ಬೇರೆ, ಗಡ್ಡೆ ಬೇರೆಯಾಗಿ ನಿಂತಿತು. ಒಡೆದಿತ್ತು.

"ಅಯ್ಯಯ್ಯ, ಹಾಲು ಒಡೀತಲ್ರಿ!" ಎಂದಳು ಮನೆಯ ಒಡತಿ ಶ್ರಾವಣಿ. ಗಾಬರಿ ನಟಿಸಲು ಹೋಗಿ, ತಡೆಯಲಾಗದೆ ನಕ್ಕುಬಿಟ್ಟಳು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೆಲಸ ಅವಳದು. ಅರ್ಧ ದಿನ ರಜೆ ಹಾಕಿ, ಮದುವೆಗೆ ಉಡುವ ಸೀರೆ ಉಟ್ಟುಕೊಂಡು ಬಂದಿದ್ದಳು.

"ಇನ್ನೊಂದು ಪ್ಯಾಕೆಟ್ ಐತೆ," ಎಂದ ಚಿರಂಜೀವಿ.

"ಇರ್ಲಿ ಬಿಡ್ರಿ ಸಾರ್. ಒಡದ್ರ ಒಡೀಲಿ. ನಾವೇನು ಇಲ್ಲಿ ಇರ್ತೀವಾ?"

ಇರುತ್ತಾರೋ ಇಲ್ಲವೋ ಎಂಬುದನ್ನು ಮೊಬೈಲಿನ ಆಪ್ ಕೇಳುತ್ತಿರಲಿಲ್ಲ. ಅದಕ್ಕೆ ಬೇಕಿದ್ದದ್ದು ಹಾಲು ಉಕ್ಕುತ್ತಿರುವ ಫೋಟೋ, ಪಕ್ಕದಲ್ಲಿ ಮನೆಯಾಕೆಯ ಮುಖ, ಹಿಂದೆ ನಾಲ್ಕು ಸಾಮಾನು.

ಅವನು ಊರಿನ ಸಚಿವಾಲಯಂನಲ್ಲಿ, ಅಂದರೆ ಆಂಧ್ರದ ಗ್ರಾಮ ಕಚೇರಿಯಲ್ಲಿ, ಇಂಜಿನಿಯರಿಂಗ್ ಅಸಿಸ್ಟೆಂಟ್. ಗುಡ್ಡದ ಬುಡದ ಈ ಸರ್ಕಾರಿ ಲೇಔಟಿನ ಮನೆಗಳಿಗೆಲ್ಲ ಇವತ್ತೇ, ಸಾಯಂಕಾಲದ ಒಳಗೇ, ಗೃಹಪ್ರವೇಶ ಆಗಬೇಕೆಂದು ಮೇಲಿನಿಂದ ಆರ್ಡರ್ ಬಂದಿತ್ತು. ಮುಹೂರ್ತವನ್ನೂ ಮೇಲಿನವರೇ ಇಟ್ಟಿದ್ದರು. ನಲ್ಲಿಯಲ್ಲಿ ನೀರಿಲ್ಲ, ಕಂಬದಲ್ಲಿ ತಂತಿಯಿಲ್ಲ. ಬಾಗಿಲುಗಳ ಲಾರಿ ದಾರಿಯಲ್ಲಿದೆ ಎಂದು ಸುದ್ದಿ. ಯುಗಾದಿಯಿಂದಲೂ ಅದು ದಾರಿಯಲ್ಲೇ ಇದೆ. ಇರಲಿ, ಹಾಲು ಉಕ್ಕುವುದಕ್ಕೆ ಇದ್ಯಾವುದೂ ಬೇಕಿಲ್ಲವಲ್ಲ.

"ಪ್ಯಾಕೆಟ್ ಹಾಲಿಗೆ ಜೀವ ಇಲ್ರಿ ಸಾರ್," ಎಂದ ಮಾರೇಶ, ಗೋಡೆಗೊರಗಿಕೊಂಡು. ಸಚಿವಾಲಯಂನಲ್ಲಿ ಪಿಂಚಣಿ ಕೆಲಸ ನೋಡಿಕೊಳ್ಳುವ ಇವನು ಇದೇ ಊರಿನವನು. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಮೂಗಿನಿಂದಲೇ ಹೇಳಬಲ್ಲವನು. "ದೊಡ್ಡಕ್ಕನ ಎಮ್ಮಿ ಹಾಲು ತರ್ತೀನಿ ತಡೀರಿ. ಹೆಂಗ ಉಕ್ಕತೈತಿ ನೋಡ್ರಿ ಅದು."

ಹಾಲು ತರಲು ಹೋದವನು ಬೈಕಿನ ಹಿಂದೆ ದೊಡ್ಡಕ್ಕನನ್ನೇ ಕೂರಿಸಿಕೊಂಡು ಬಂದ. ಕಾಲುವೆ ಏರಿಯ ಮೇಲೆ ಗುಡಿಸಲು ಹಾಕಿಕೊಂಡು, ಒಂದು ಎಮ್ಮೆ ಕಟ್ಟಿಕೊಂಡು, ಅರ್ಧ ಊರಿಗೆ ಹಾಲು ಹಾಕುವ ಹೆಂಗಸು. ಗಂಡ ಬೊಮ್ಮಯ್ಯ ಬಳ್ಳಾರಿಗೆ ಕೂಲಿಗೆ ಹೋದರೆ ವಾರಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಅವಳು ಕ್ಯಾನನ್ನು ಎದೆಗವಚಿಕೊಂಡು ಇಳಿದು, ಒಡೆದ ಹಾಲನ್ನೂ ಇಂಜಿನಿಯರನ್ನೂ ಒಂದೇ ಸಲ ನೋಡಿದಳು.

"ಸರೀರಿ ಸಾರ್, ಅತ್ತಾಗ. ನನ್ನ ಎಮ್ಮಿ ಹಾಲು ನಾನ ಕಾಸ್ತೀನಿ. ನಿಮ್ಮ ಕೈಗೆ ಕೊಟ್ರ ಇದನ್ನೂ ಒಡಸ್ತೀರಿ."

ಚಿರಂಜೀವಿ ಸರಿದ. ಹಾಲು ಅಂಚಿಗೆ ಬಂತು, ನಿಲ್ಲಲಿಲ್ಲ. ಬಿಳಿಯ ನೊರೆ ಉಬ್ಬಿ, ಅಂಚು ದಾಟಿ, ಪಾತ್ರೆಯ ಮೈಮೇಲೆ ಇಳಿಯಿತು. ಶ್ರಾವಣಿ ಕೈಮುಗಿದಳು. ಅವನು ಗುಂಡಿ ಒತ್ತಿದ. ಮೊಬೈಲ್ ಸ್ವಲ್ಪ ಯೋಚಿಸಿ ಹಸಿರಾಯಿತು. ಶ್ರಾವಣಿ ಸೀರೆಯ ನೆರಿಗೆ ಎತ್ತಿ ಹಿಡಿದು, ಆಟೋ ಹತ್ತಿ, ಮಧ್ಯಾಹ್ನದ ಪಾಳಿಗೆ ಹೊರಟೇಬಿಟ್ಟಳು.

ಆಮೇಲೆ ಕೆಲಸ ಸಲೀಸಾಯಿತು. ಅದೇ ಒಲೆ, ಅದೇ ಪಾತ್ರೆ, ಅದೇ ಎಮ್ಮೆಯ ಹಾಲು ಮನೆಯಿಂದ ಮನೆಗೆ ಹೋದವು. ದೊಡ್ಡಕ್ಕ ಕಾಸಿದಳು, ಮಾರೇಶ ನಗಿಸಿದ, ಹೆಂಗಸರು ಕೈಮುಗಿದರು, ಚಿರಂಜೀವಿ ಗುಂಡಿ ಒತ್ತಿದ. ಒಬ್ಬೊಬ್ಬರೂ ಫೋಟೋ ಆದ ಕೂಡಲೇ ತಂದಿದ್ದ ದೇವರ ಪಟ, ಕೊಡ, ಚಾಪೆ ಸುತ್ತಿಕೊಂಡು ಹೊರಟರು. ಒಂದೊಂದು ಮನೆಯಿಂದ ಹೊರಬರುವಾಗಲೂ ಅವನಿಗೆ ಹಿಂದಿರುಗಿ ನೋಡಬೇಕೆನಿಸುತ್ತಿತ್ತು. ನೋಡುತ್ತಿರಲಿಲ್ಲ. ಖಾಲಿ ಮನೆಗೆ ಹೋದದ್ದು ಖಾಲಿ ಮನೆಯಿಂದಲೇ ಬಂದದ್ದು, ಅದರಲ್ಲಿ ನೋಡುವುದೇನು ಎಂದು ತನಗೆ ತಾನೇ ಹೇಳಿಕೊಂಡ.

ಫೋನು ಬಂತು. ಮೇಲಧಿಕಾರಿ ಡಿ.ಇ. ಸಾರ್.

"ಅಯಿಂದಾ?"

ಆಯಿತಾ ಎಂಬ ಈ ಒಂದು ತೆಲುಗು ಮಾತನ್ನು ಬಿಟ್ಟು ಅವರ ಬಾಯಲ್ಲಿ ಬೇರೆ ಮಾತು ಅವನು ಕೇಳಿದ್ದು ಕಡಿಮೆ. "ಒಕಟೇ ಉಂದಿ ಸಾರ್," ಒಂದೇ ಉಳಿದಿದೆ, ಎಂದ.

"ಕಾಕಪೋತೇ ಕ್ಯಾನ್ಸಲ್." ಆಗದಿದ್ದರೆ ಆ ಮನೆ ಕ್ಯಾನ್ಸಲ್. ಫೋನು ಕಟ್ಟಾಯಿತು.

ಉಳಿದಿದ್ದ ಆ ಒಂದು ಮನೆ ದೊಡ್ಡಕ್ಕನದು.

ಅವಳು ಅಷ್ಟು ಹೊತ್ತೂ ಬೇರೆಯವರ ಮನೆಗಳಲ್ಲಿ ಹಾಲು ಉಕ್ಕಿಸಿದವಳು, ತನ್ನ ಮನೆಯ ಮುಂದೆ ಬಂದು ನಿಂತುಬಿಟ್ಟಳು. ಒಳಗೆ ಕಾಲಿಡಲಿಲ್ಲ.

"ಬನ್ನಿ ದೊಡ್ಡಕ್ಕಾ. ಇದೊಂದು ಮುಗಿಸ್ಬಿಡಾನ."

"ಆಗಂಗಿಲ್ರಿ."

"ಯಾಕೆ?"

"ಹೊಸ್ತ್ಲ ಎಲ್ಲೈತ್ರಿ?"

ಅವನು ನೋಡಿದ. ಇಷ್ಟು ದಿನ ನೋಡಿದ್ದನ್ನೇ ನೋಡಿದ. ಗುತ್ತಿಗೆಯವನು ಕೂರಿಸಿದ ಸಿಮೆಂಟ್ ಚೌಕಟ್ಟಿಗೆ ಮೂರೇ ಪಟ್ಟಿ. ಮೇಲೊಂದು, ಎಡಕ್ಕೊಂದು, ಬಲಕ್ಕೊಂದು. ಕೆಳಗೆ ಒಳಗಿನ ನೆಲ ಹಾಗೇ ಹೊರಗಿನ ನೆಲವಾಗಿ ಹರಿದುಹೋಗಿತ್ತು. ಬೇರೆ ಹೆಂಗಸರು ಅಲ್ಲೊಂದು ರಂಗೋಲಿ ಗೆರೆ ಎಳೆದು, ಅದಕ್ಕೇ ಅರಿಶಿನ ಕುಂಕುಮ ಇಟ್ಟು ಸುಧಾರಿಸಿಕೊಂಡಿದ್ದರು. ಪ್ಲಾನಿನಲ್ಲಿ ಹೊಸ್ತಿಲು ಇರಲೇ ಇಲ್ಲ. ಇಲ್ಲವೆಂಬುದು ಇವತ್ತಿನವರೆಗೆ ಅವನ ಗಮನಕ್ಕೂ ಬಂದಿರಲಿಲ್ಲ.

"ಗೆರೆ ಎಳಕೊಂಡ್ರೆ ಆಯ್ತಲ್ಲ. ಎಲ್ರೂ ಹಂಗೇ ಮಾಡಿದ್ರು."

"ಅವ್ರು ಮಾಡ್ಲಿ. ಅವ್ರೇನು ಇರಾಕ ಬಂದಾರ? ನಾನು ಇರಾಕ ಬರಾಕಿ." ಅವಳ ದನಿ ಏರಿತು. "ಈ ಗ್ವಾಡಿಗೆ ಉಸುಕು ನಾನು ಹೊತ್ತೀನ್ರಿ, ತಲಿ ಮ್ಯಾಲ. ಬಾಗ್ಲ ಬರ್ಲಿ, ನೀರ ಬರ್ಲಿ, ನಾನ ಬರ್ತೀನಿ. ಅಲ್ಲೀತನ ಕಾಲುವಿ ಮ್ಯಾಲ ಇರ್ತೀನಿ. ಎಮ್ಮಿಗೆ ಅಲ್ಲಿ ನೀರೈತಿ, ಹುಲ್ಲೈತಿ. ಇಲ್ಲಿ ಏನು ಮೇಯಿಸ್ಲಿ, ಕಲ್ಲು ಮೇಯಿಸ್ಲ್ಯಾ?"

"ಈಗ ಯಾರು ನಿಮ್ಮನ್ನ ಬಾ ಅಂದ್ರು? ಬರೀ ಹಾಲು ಉಕ್ಕಿಸಿ. ಫೋಟೋ ತಗೊಂಡು ವಾಪಸ್ ಹೋಗಿ."

"ಇಲ್ಲಿ ಉಕ್ಕಿಸಿದ್ರ ಅಲ್ಲಿ ಕಿತ್ತು ಹಾಕ್ತಾರ. ಏರಿ ಅಗಲ ಮಾಡಾಕ ಜೆಸಿಬಿ ಬಂದೈತಿ. ಗೊತ್ತಿಲ್ಲೇನ್ರಿ ನಿಮಗ?"

ಗೊತ್ತಿತ್ತು. ಬೆಳಿಗ್ಗೆ ಬರುವಾಗ ನೋಡಿದ್ದ. ಮನೆ ಸಿಕ್ಕವರು ಏರಿಯ ಮೇಲಿನ ಗುಡಿಸಲು ಖಾಲಿ ಮಾಡಿದಂತೆಲ್ಲ ಅದನ್ನು ನೆಲಸಮ ಮಾಡುತ್ತ ಬರುತ್ತಿದ್ದರು. ಇದ್ದವರನ್ನು ಸದ್ಯಕ್ಕೆ ಮುಟ್ಟುವುದಿಲ್ಲ, ಮಳೆಗಾಲ ಕಳೆಯಲಿ ಎಂದಿದ್ದರು.

"ಖಾಲಿ ಮಾಡಿರೋ ಮನೆ ಮಾತ್ರ ಕೆಡವ್ತಾರೆ. ನೀವಿದೀರಲ್ಲ, ಯಾಕೆ ಮುಟ್ತಾರೆ? ನಾನ್ ಹೇಳ್ತೀನಲ್ಲ. ನಾನಿದೀನಿ."

ನಾನಿದೀನಿ ಎಂಬ ಮಾತು ಬಾಯಿಂದ ಬಿದ್ದದ್ದೇ ಅವನಿಗೆ ನಾಚಿಕೆಯಾಯಿತು. ಮದುವೆಯಾದ ಹೊಸದರಲ್ಲಿ ರಮ್ಯಳಿಗೂ ಇದನ್ನೇ ಹೇಳಿದ್ದ.

ಮಾರೇಶ ಮಧ್ಯೆ ಬಾಯಿ ಹಾಕಿದ. "ಇವತ್ತು ಮಾಡದಿದ್ರ ಕ್ಯಾನ್ಸಲ್ ಅಂತಾರ ಅಕ್ಕಾ. ಉಸುಕು ಹೊತ್ತಿದ್ದು ಯಾರ್ದೋ ಪಾಲಾಗತೈತಿ."

"ಹೊಸ್ತ್ಲಿಲ್ಲದ ಮನಿಯಾಗ ನಾ ಹಾಲು ಉಕ್ಕಿಸಂಗಿಲ್ಲ. ಏನರ ಮಾಡ್ಕೋರಿ."

ಆಗಲೇ ಅವನಿಗೆ ಹೊಳೆದದ್ದು. ಎಷ್ಟು ಸುಲಭ! ಖುಷಿಯಿಂದ ಕೈ ಕೈ ಉಜ್ಜಿಕೊಂಡ. "ಹಳೇ ಮನೇಲಿ ಹೊಸ್ತಿಲು ಐತಲ್ಲ?"

"ಐತ್ರಿ. ನಮ್ಮತ್ತಿ ಕಾಲದ್ದು. ಬೇವಿಂದು."

"ಅದನ್ನೇ ತರಾನ. ಇಲ್ಲಿ ಇಟ್ಟು ಪೂಜೆ ಮಾಡಿ, ಹಾಲು ಉಕ್ಕಿಸಿ, ಮತ್ತೆ ತಗೊಂಡೋಗಿ ಅಲ್ಲೇ ಕೂರ್ಸಾನ. ಒಂದು ತಾಸು. ನಾನೇ ನಿಂತು ಕೂರಿಸ್ಕೊಡ್ತೀನಿ."

ಅವಳು ಅವನ ಮುಖ ನೋಡಿದಳು. ನೋಡುತ್ತಲೇ ಇದ್ದಳು. "ಒಂದ ತಾಸು ಹೌದಿಲ್ಲೋ?"

"ಒಂದೇ ತಾಸು."

"ಅಂಗಾರ ಸಾಮಾನೂ ಒಯ್ಯಾನ," ಎಂದ ಮಾರೇಶ ಉತ್ಸಾಹದಲ್ಲಿ. "ಫೋಟೋದಾಗ ಸಾಮಾನು ಬೇಕಲ್ರಿ. ಹನುಮಂತುನ ಗೂಡ್ಸ್ ಆಟೋ ಕರಿತೀನಿ."

ಏರಿಯ ಮೇಲೆ ಗಾಳಿ ತಂಪಾಗಿತ್ತು. ಕಾಲುವೆಯಲ್ಲಿ ಕೆಂಪು ನೀರು ತುಂಬಿ ಹರಿಯುತ್ತಿತ್ತು, ಆಚೆ ದಡದ ಗದ್ದೆಗಳಲ್ಲಿ ನಾಟಿಯ ಹೆಂಗಸರು ಬಾಗಿದ್ದರು. ದೊಡ್ಡಕ್ಕನ ಗುಡಿಸಲಿಗೆ ಮಣ್ಣಿನ ಗೋಡೆ, ಮೇಲೆ ಸೋಗೆ, ಬಾಗಿಲಿನ ಜಾಗಕ್ಕೆ ತಂತಿ ಬಿಗಿದ ಒಂದು ತಗಡು. ಒಳಗೆ ಎಡಕ್ಕೆ ಎಮ್ಮೆಯ ಗೂಟ, ಬಲಕ್ಕೆ ಒಲೆ. ಇಬ್ಬರಿಗೂ ಬಾಗಿಲು ಒಂದೇ. ಎಮ್ಮೆ ಮೇಯಲು ಹೋಗಿತ್ತು. ಅದರ ವಾಸನೆ ಮಾತ್ರ ಮನೆ ಕಾಯುತ್ತಿತ್ತು.

ಹೊಸ್ತಿಲು ಮೊಣಕೈ ದಪ್ಪದ ಬೇವಿನ ತುಂಡು. ನಡುವೆ ತುಳಿದು ತುಳಿದು ತಗ್ಗಾಗಿತ್ತು. ಎರಡೂ ಬದಿಗೆ ಅರಿಶಿನದ ಮೇಲೆ ಅರಿಶಿನ ಕೂತು ಸಿಪ್ಪೆಯಂತೆ ಗಟ್ಟಿಯಾಗಿತ್ತು. ಮಾರೇಶ ಹಾರೆ ಹಾಕಿ ಮೀಟಿದ. ಬರಲಿಲ್ಲ. ಹನುಮಂತು ಕೈಜೋಡಿಸಿದ. ಕಿರ್ರೆಂದು ಸದ್ದು ಮಾಡಿ, ಮಣ್ಣಿನ ಹೆಂಟೆಗಳೊಂದಿಗೆ ಅದು ಎದ್ದು ಬಂದಾಗ ದೊಡ್ಡಕ್ಕ "ಹುಷಾರಲೇ" ಎಂದು ಕೂಗಿ, ತಾನೇ ಓಡಿ ಹೋಗಿ ಕೂಸನ್ನು ಎತ್ತಿಕೊಂಡಂತೆ ಎರಡೂ ಕೈಯಿಂದ ಎತ್ತಿಕೊಂಡಳು.

ಸಾಮಾನು ಎಷ್ಟು ಬೇಗ ಮುಗಿಯಿತೆಂದು ಚಿರಂಜೀವಿಗೆ ಆಶ್ಚರ್ಯವಾಯಿತು. ಕೊಡ, ಪಾತ್ರೆ, ಚಾಪೆ, ಟ್ರಂಕು, ದೇವರ ಪಟ, ರಾಗಿ ಚೀಲ. ಮಾರೇಶ ತಗಡಿನ ಬಾಗಿಲನ್ನೂ ಬಿಚ್ಚಿ ಆಟೋಗೆ ಹಾಕಿದ. ಆ ಹೊಸ ಮನೆಗೆ ಇದನ್ನು ಆನಿಸಿಟ್ಟರೆ ಫೋಟೋಗೆ ಬಾಗಿಲಿನ ಹಾಗೇ ಕಾಣುತ್ತದಂತೆ.

ಏರಿಯ ಆ ತುದಿಯಲ್ಲಿ ಜೆಸಿಬಿ ನಿಂತಿತ್ತು. ಅದರ ನೆರಳಲ್ಲಿ ಯಾರೋ ಊಟಕ್ಕೆ ಕೂತಿದ್ದರು. ಅಲ್ಲಿಂದ ಇಲ್ಲಿಯವರೆಗೆ ಮಟ್ಟಸವಾದ ಮಣ್ಣು. ಚಿರಂಜೀವಿ ಅತ್ತ ನೋಡಿದ, ಮತ್ತೆ ಹೊಸ್ತಿಲು ಕಿತ್ತ ಗುಂಡಿ ನೋಡಿದ. ಒಂದು ಯೋಚನೆ ತಲೆಯಲ್ಲಿ ಎದ್ದಿತು. ಹೋಗಿ ಆ ಡ್ರೈವರಿಗೆ ಒಂದು ಮಾತು ಹೇಳಿ ಬರಬೇಕು ಎಂಬಷ್ಟು ಸ್ಪಷ್ಟವಾಗಿ ಎದ್ದಿತು. ಹೋಗಲು ಎರಡು ಹೆಜ್ಜೆ ಇಟ್ಟೂ ಇಟ್ಟ.

ಫೋನು ಬಂತು. ರಮ್ಯ.

"ಎಲ್ಲಿದೀರ?"

"ಕೆಲಸದ ಮೇಲೆ."

"ಬಾಡಿಗೆ ಮನೆ ನೋಡುದ್ರ?"

"ನೋಡ್ತೀನಿ."

"ಯಾವಾಗ? ಆ ಮನೆಯೋರು ಸಾಯಂಕಾಲದೊಳ್ಗೆ ಹೇಳಿ ಅಂದವ್ರೆ. ಇಲ್ದಿದ್ರೆ ಬ್ಯಾರೇರ್ಗೆ ಕೊಡ್ತಾರಂತೆ." ಹಿಂದೆ ಅವಳ ತವರಿನ ಸದ್ದು, ಯಾರೋ ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದರು. ಮಡಕಶಿರಾ ಹತ್ತಿರದ ಹಳ್ಳಿ. ಅವನ ಊರೂ ಅಲ್ಲೇ ಪಕ್ಕದಲ್ಲಿ. "ಏನ್ ಕೊರತೆ ಐತೆ ಅದುಕ್ಕೆ?"

"ಗೋಡೇಲಿ ತೇವ ಐತೆ."

"ಹೋದ್ ಸಲ ಮೆಟ್ಲು ಸರಿಯಿಲ್ಲ ಅಂದ್ರಿ. ಅದ್ರ ಹಿಂದೆ ಬಿರುಕು ಅಂದ್ರಿ." ಎಂದಳು. "ನಿಮಗೆ ನಾನ್ ಬರೋದು ಬ್ಯಾಡ್ವ? ಬ್ಯಾಡ ಅಂದ್ರೆ ಬ್ಯಾಡ ಅನ್ನಿ. ಗೋಡೆ ಮೇಲೆ ಯಾಕಾಕ್ತೀರ?"

ರಾಯದುರ್ಗದಲ್ಲಿ ಅವನದು ಮಹಡಿ ಮೇಲಿನ ಒಂಟಿ ಕೋಣೆ. ಕೆಳಗೆ ಹೊಲಿಗೆ ಮಿಷನ್ನುಗಳು ದಿನವಿಡೀ ಕಟಕಟಿಸುತ್ತವೆ. ಮೆಸ್ಸಿನಲ್ಲಿ ಉಂಡು ಬಂದು, ಆ ಸದ್ದು ನಿಂತ ಮೇಲೆ ಮಲಗುತ್ತಾನೆ. ಬಾಗಿಲು ತೆಗೆದರೆ ಒಳಗೆ ಯಾರೂ ಇರುವುದಿಲ್ಲ, ಎಲ್ಲಿ ಹೋಗಿದ್ದೆ ಎಂದು ಯಾರೂ ಕೇಳುವುದಿಲ್ಲ. ಅದು ಅವನಿಗೆ ಇಷ್ಟವಾಗಿತ್ತು. ಇಷ್ಟವಾಗಿದೆ ಎಂಬುದೇ ಅವನಿಗೆ ಹೆದರಿಕೆ ಹುಟ್ಟಿಸುತ್ತಿತ್ತು. ಇಷ್ಟು ಜನಕ್ಕೆ ಮನೆ ತೋರಿಸುವವನು ತಾನು, ಒಂದು ಮನೆಯೊಳಗೆ ಇನ್ನೊಬ್ಬಳ ಎದುರು ಕೂತು ಏನು ಮಾತಾಡಬೇಕೆಂದು ತಿಳಿಯದವನು.

"ಸಾಯಂಕಾಲ ಹೇಳ್ತೀನಿ," ಎಂದ. ಅವಳು ಫೋನಿಟ್ಟಳು.

ಆಟೋದ ಹಾರನ್ನು ಕೂಗಿತು. ಡ್ರೈವರಿಗೆ ಹೇಳಬೇಕೆಂದಿದ್ದದ್ದು ಅವನಿಗೆ ಆಟೋ ಹತ್ತಿದ ಮೇಲೆ ನೆನಪಾಯಿತು. ಒಂದು ತಾಸಲ್ಲವೇ ಎಂದುಕೊಂಡ. ಅಷ್ಟರಲ್ಲಿ ಅವರ ಊಟವೇ ಮುಗಿದಿರುವುದಿಲ್ಲ.

ದೊಡ್ಡಕ್ಕ ಹೊಸ್ತಿಲನ್ನು ಹೊಸ ಮನೆಯ ಚೌಕಟ್ಟಿನ ಕೆಳಗೆ ಇಟ್ಟಾಗ ಅದು ಚೂರು ಗಿಡ್ಡವಾಯಿತು. ಎರಡೂ ಬದಿಗೆ ಸಂದು ಉಳಿಯಿತು. ಅವಳು ಕಲ್ಲು ತುರುಕಿದಳು, ನೀರು ಚಿಮುಕಿಸಿದಳು, ಹೊಸ ಅರಿಶಿನ ಬಳಿದಳು, ಕುಂಕುಮ ಇಟ್ಟಳು. ಮಾರೇಶ ತಗಡನ್ನು ಆನಿಸಿಟ್ಟ. ಚಾಪೆ ಹಾಸಿಕೊಂಡಿತು, ಪಟ ಗೋಡೆಗೆ ಒರಗಿತು, ರಾಗಿ ಚೀಲ ಮೂಲೆ ಹಿಡಿಯಿತು. ದೊಡ್ಡಕ್ಕ ಹೊರಗೆ ನಿಂತು ನೋಡಿದಳು. ಆಮೇಲೆ ಬಲಗಾಲೆತ್ತಿ, ಹೊಸ್ತಿಲು ದಾಟಿ ಒಳಗೆ ಹೋದಳು.

"ಏ ಮಾರೇಶ," ಒಳಗಿಂದ ಕೂಗಿದಳು. "ಮನಿ ಇದ್ದಂಗ ಐತಲ್ಲೋ!"

ಅವಳ ದನಿಯಲ್ಲಿ ಸಂತೋಷವಿತ್ತು. ಚಿರಂಜೀವಿಗೂ ಸಂತೋಷವಾಯಿತು. ಬೆಳಗಿನಿಂದ ಮೊದಲ ಸಲ ಒಂದು ಮನೆಗೆ ಮನೆಯ ಕಳೆ ಬಂದಿತ್ತು. ತಾನೂ ಒಳಗೆ ಹೋದ. ಹೋಗುವಾಗ ತಲೆ ಬಗ್ಗಿತು, ಕಾಲು ತಾನಾಗಿ ಎದ್ದಿತು. ಎಷ್ಟೋ ಸಲ ಒಳಹೊಕ್ಕು ಅಳತೆ ಹಿಡಿದಿದ್ದ ಮನೆ. ಒಳಗೆ ಬಂದೆ ಅನಿಸಿದ್ದು ಈಗಲೇ.

ಹಾಲು ಉಕ್ಕಿತು. ಪೂರ್ವಕ್ಕೇ ಉಕ್ಕಿತು. ದೊಡ್ಡಕ್ಕ ಕಣ್ಣು ಮುಚ್ಚಿ ಕೈಮುಗಿದಳು. ಗುಂಡಿ ಒತ್ತಿದ.

ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು. ಸಿಗ್ನಲ್ ಇರಲಿಲ್ಲ. ಹೊರಗೆ ಬಂದು ಕೈ ಮೇಲೆತ್ತಿದ. ಏಣಿ ತರಿಸಿ ತಾರಸಿ ಹತ್ತಿದ. ಗುಡ್ಡದ ಕಡೆ, ರಸ್ತೆಯ ಕಡೆ, ಬೊಮ್ಮನಹಾಳ್ ಕಡೆ ತಿರುಗಿ ನಿಂತ. ಕೆಳಗೆ ಸಾಲು ಸಾಲು ಮನೆಗಳ ಬಾಗಿಲಿಲ್ಲದ ಬಾಯಿಗಳು ಅವನನ್ನೇ ನೋಡುತ್ತಿದ್ದವು. ಚಕ್ರ ತಿರುಗುತ್ತಲೇ ಇತ್ತು.

"ಸಾರ್, ತಾಸಾತ್ರಿ," ಎಂದಳು ದೊಡ್ಡಕ್ಕ ಕೆಳಗಿನಿಂದ.

"ಸ್ವಲ್ಪ ತಡೀರಿ."

"ಎಮ್ಮಿ ಬರೋ ಹೊತ್ತಾತು."

"ತಡೀರಿ ಅಂದ್ನಲ್ಲ!" ಎಂದು ಗದರಿದ. ಗದರಿದ್ದಕ್ಕೆ ಬೇಜಾರಾಯಿತು. ಇಳಿದು ಬಂದು "ಆಯ್ತು ನಡೀರಿ, ದಾರೀಲಿ ಹೋಗುತ್ತೆ ಫೋಟೋ," ಎಂದ.

ಅವಳು ಹೊರಡುವ ಮುಂಚೆ ಒಂದು ಹಣತೆ ಹಚ್ಚಿ ನಡುಮನೆಯಲ್ಲಿಟ್ಟಳು. ಹಾಲು ಉಕ್ಕಿದ ಮನೆಯನ್ನು ಆ ದಿನ ಕತ್ತಲಲ್ಲಿ ಬಿಡಬಾರದಂತೆ. ಸಾಮಾನು, ಹೊಸ್ತಿಲು ಎತ್ತಿ ಆಟೋಗೆ ಹಾಕಿ, ತಗಡು ತೆಗೆದದ್ದೇ ತಡ, ಗಾಳಿ ಒಳನುಗ್ಗಿ ದೀಪ ಆರಿತು. ಅವಳು ನೋಡಲಿಲ್ಲ. ಅವನು ನೋಡಿದ. ಹೇಳಲಿಲ್ಲ.

ಏರಿಯ ತಿರುವು ದಾಟಿದಾಗ ಹನುಮಂತು ಆಟೋ ನಿಧಾನ ಮಾಡಿದ. ಯಾಕೆಂದು ಚಿರಂಜೀವಿಗೆ ತಕ್ಷಣ ತಿಳಿಯಲಿಲ್ಲ. ಅಲ್ಲಿ ಏನೋ ಇರಬೇಕಿತ್ತು, ಇರಲಿಲ್ಲ, ಅಷ್ಟೇ. ಮಟ್ಟಸವಾದ ಮಣ್ಣಿನ ಮೇಲೆ ಜೆಸಿಬಿಯ ಚಕ್ರದ ಗುರುತು ಹೊಚ್ಚಹೊಸದಾಗಿತ್ತು. ಸೋಗೆ ಒಂದು ಕಡೆ ರಾಶಿ ಬಿದ್ದಿತ್ತು. ಯಂತ್ರ ಮುಂದಿನ ಗುಡಿಸಲಿನ ಪಕ್ಕ ಹೋಗಿ ನಿಂತು ತಣ್ಣಗಾಗುತ್ತಿತ್ತು. ಆ ಗುಡಿಸಲಿನ ಮುಂದೆ ಒಬ್ಬ ಮುದುಕಿ ಹೊಸ್ತಿಲ ಮೇಲೆ ಗಟ್ಟಿಯಾಗಿ ಕೂತಿದ್ದಳು.

ದೊಡ್ಡಕ್ಕ ಆಟೋದಿಂದ ಇಳಿದಳು. ಕೂಗಲಿಲ್ಲ.

ಕೂಗಿದ್ದು ಮಾರೇಶ. "ಯಾವನಲೇ ನಿನಗ ಹೇಳಿದ್ದು? ಮನಿಯಾಕಿ ಇಲ್ಲೇ ಅದಾಳಲ್ಲಲೇ!"

ಡ್ರೈವರ್ ಕೆಳಗಿಳಿದು ಬಂದ. ನಡುವಯಸ್ಸಿನ ಮನುಷ್ಯ, ಹೆಗಲ ಮೇಲೆ ಟವಲು. ಗಾಬರಿಯಾಗಿದ್ದ. "ಸಾ, ನಂಗೆಂಗೊತ್ತಾಗ್ಬೇಕು ಸಾ? ಖಾಲಿ ಇದ್ದುವ್ನ ತೆಗೀರಿ ಅಂದಿದ್ರು. ನೋಡುದ್ರೆ ಒಳ್ಗೆ ಒಂದ್ ಚೊಂಬೂ ಇಲ್ಲ. ಬಾಗ್ಲಿಲ್ಲ. ಹೊಸ್ತಿಲೇ ಕಿತ್ಕಂಡೋಗವ್ರೆ. ಹೊಸ್ತಿಲು ಕಿತ್ತ ಮೇಲೆ ಯಾರಾನ ವಾಪಸ್ ಬತ್ತಾರ ಸಾ?"

ಅದು ಅವನ ಊರ ಕಡೆಯ ಮಾತು. ಎಷ್ಟೋ ತಿಂಗಳಿನಿಂದ ಎದುರೆದುರಿಗೆ ಕೇಳಿರದ ಮಾತು. ಚಿರಂಜೀವಿಯ ಬಾಯಿಂದ ತಾನಾಗಿ ಬಂತು: "ಯಾವೂರು ನಿಮ್ದು?"

"ಮಡಕಶಿರಾ ತಾವ ಸಾ. ಕದರಪ್ಪ ಅಂತ. ತಮ್ದು?"

"ಹೇಮಾವತಿ ಪಕ್ಕ."

"ಅಯ್ಯೋ, ನಮ್ ಕಡೆಯೋರೇಯ," ಎಂದು ಕದರಪ್ಪ ಹಲ್ಲು ಬಿಟ್ಟ. ಬಿಟ್ಟವನು ಮಾರೇಶನ ಮುಖ ನೋಡಿ ಮುಚ್ಚಿಕೊಂಡ. ಚಿರಂಜೀವಿ ಇಂಥ ಹೊತ್ತಿನಲ್ಲಿ ಊರು ಕೇಳಿದ ತನ್ನ ನಾಲಗೆಯನ್ನು ಕಚ್ಚಿಕೊಂಡ.

"ದೊಡ್ಡಕ್ಕಾ," ಎಂದ. "ನಾನ್ ಮೇಲೆ ಮಾತಾಡ್ತೀನಿ. ಹೊಸ ಮನೆಗೇ ಹೋಗಿ ಸದ್ಯಕ್ಕೆ. ಬಾಗಿಲು ಬೇಗ ಹಾಕಿಸ್ತೀನಿ. ನೀರಿಂದೂ..."

ಅವಳು ತಿರುಗಿದಳು.

"ಒಂದ ತಾಸು ಅಂದಿದ್ದೆಲ್ಲಪ್ಪ ನೀನು."

ಇಷ್ಟು ದಿನ ಸಾರ್ ಎಂದು, ರೀ ಎಂದು ಕರೆದವಳು ಈಗ ನೀನು ಎಂದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಆಟೋದಿಂದ ಹೊಸ್ತಿಲನ್ನು ತಾನೇ ಇಳಿಸಿ, ಎದೆಗಾನಿಸಿಕೊಂಡು ಆ ಮಟ್ಟಸ ಮಣ್ಣಿನ ಮೇಲೆ ನಡೆದಳು. ಒಂದು ಕಡೆ ನಿಂತಳು, ಕಾಲುವೆ ನೋಡಿದಳು, ಆಚೆಯ ಬೇವಿನ ಮರ ನೋಡಿದಳು, ಎರಡು ಹೆಜ್ಜೆ ಹಿಂದೆ ಸರಿದಳು. ಅಲ್ಲಿ ಬಗ್ಗಿ ಹೊಸ್ತಿಲನ್ನು ಇಟ್ಟಳು. ಅಲುಗಾಡದಂತೆ ಅಡಿಗೆ ಮಣ್ಣು ಒತ್ತಿದಳು. ಮಧ್ಯಾಹ್ನ ಬಳಿದ ಅರಿಶಿನ ಇನ್ನೂ ಹಸಿಯಾಗಿತ್ತು.

ಆಮೇಲೆ ಬಲಗಾಲೆತ್ತಿ ದಾಟಿದಳು.

"ಮಾರೇಶ, ಸಾಮಾನು ತಾ."

ಮಾರೇಶ ಕೊಡ ಹೊತ್ತು ಬಂದ. ಬಂದವನು ಹೊಸ್ತಿಲ ಮುಂದೆ ನಿಂತ, ಚಪ್ಪಲಿ ಬಿಟ್ಟ, ದಾಟಿ ಒಳಗಿಟ್ಟ. ಮತ್ತೆ ದಾಟಿ ಹೊರಬಂದು ಚಾಪೆ ತಂದ. ಹನುಮಂತು ಟ್ರಂಕು ತಂದ. ಪಕ್ಕದಿಂದ ಬರಬಹುದಿತ್ತು, ಯಾರೂ ಬರಲಿಲ್ಲ. ಕದರಪ್ಪ ಕೂಡ ಟವಲನ್ನು ಸೊಂಟಕ್ಕೆ ಸುತ್ತಿ, ರಾಗಿ ಚೀಲ ಹೊತ್ತು, ತಲೆ ಬಗ್ಗಿಸಿ ದಾಟಿದ. ತಲೆಗೆ ತಾಕಲು ಅಲ್ಲಿ ಏನೂ ಇರಲಿಲ್ಲ. ದೊಡ್ಡಕ್ಕ ಮೂರು ಕಲ್ಲು ಹೂಡಿ, ಪುಳ್ಳೆ ಒಟ್ಟಿ, ಕ್ಯಾನಿನ ತಳದಲ್ಲಿ ಉಳಿದಿದ್ದ ಹಾಲನ್ನು ಕಾಯಲಿಟ್ಟಳು.

ಚಿರಂಜೀವಿಯ ಕೈಯಲ್ಲಿ ದೇವರ ಪಟ ಉಳಿದಿತ್ತು. ಯಾರು ಕೊಟ್ಟರೋ, ತಾನೇ ಎತ್ತಿಕೊಂಡನೋ. ಹೊಸ್ತಿಲ ಮುಂದೆ ಬಂದು ಶೂ ಬಿಚ್ಚಿದ. ಸಾಕ್ಸನ್ನೂ ಬಿಚ್ಚಿದ. ಬೆಚ್ಚಗಿನ ಮಣ್ಣು ಅಂಗಾಲಿಗೆ ತಾಕಿತು. ಒಂದು ಕಾಲು ಎತ್ತಬೇಕು, ಅಷ್ಟೇ.

ಜೇಬಿನಲ್ಲಿ ಫೋನು ನಡುಗಿತು. ಇಲ್ಲಿ ಸಿಗ್ನಲ್ ಇತ್ತು. ಫೋಟೋ ಹೋಗಲಿಲ್ಲ. ಆಪ್ ಕೆಂಪಗೆ ತೆಲುಗಿನಲ್ಲಿ ಹೇಳುತ್ತಿತ್ತು: ನೀವು ಮನೆಯಿಂದ ದೂರದಲ್ಲಿದ್ದೀರಿ. ಅದರ ಮೇಲೆಯೇ ರಮ್ಯಳ ಹೆಸರು ಬಂತು, ಫೋನು ಹೊಡೆದುಕೊಳ್ಳತೊಡಗಿತು. ಸಾಯಂಕಾಲವಾಗಿತ್ತು.

ಎಮ್ಮೆ ಮೇಯ್ದುಕೊಂಡು ಏರಿಯ ಮೇಲೆ ಬಂತು. ಮನೆಯಿದ್ದ ಜಾಗದಲ್ಲಿ ನಿಂತು ಮೂಸಿತು. ಸುತ್ತ ಎಲ್ಲ ಬಯಲು, ಎತ್ತ ಬೇಕಾದರೂ ಹೋಗಬಹುದಿತ್ತು. ಅದು ಅವನನ್ನು ಮೈಯಿಂದ ಪಕ್ಕಕ್ಕೆ ಒತ್ತಿ, ಹೊಸ್ತಿಲಿಗೆ ಬಂದು, ಒಂದೊಂದೇ ಕಾಲನ್ನು ಜೋಪಾನವಾಗಿ ಎತ್ತಿಟ್ಟು ದಾಟಿ, ಎಡಕ್ಕೆ ತಿರುಗಿ, ಗೂಟವಿಲ್ಲದ ತನ್ನ ಜಾಗದಲ್ಲಿ ನಿಂತಿತು.

"ಬಂದ್ಯಾವ್ವಾ," ಎಂದಳು ದೊಡ್ಡಕ್ಕ, ಒಲೆಯಿಂದ ತಲೆ ಎತ್ತದೆ.

ಒಲೆಯ ಮೇಲೆ ಹಾಲು ಏರುತ್ತಿತ್ತು. ಚಿರಂಜೀವಿ ದೇವರ ಪಟ ಹಿಡಿದು, ಬರಿಗಾಲಲ್ಲಿ, ಹೊಸ್ತಿಲ ಈಚೆ ನಿಂತೇ ಇದ್ದ. ಅವನನ್ನು ಯಾರೂ ಒಳಗೆ ಕರೆಯಲಿಲ್ಲ.